262 ಪಿಪಿಐ ಸಾಕಾ, 393 ಬೇಕಾ: ಫೋನ್ ಬಗ್ಗೆ ಕೇಳಿದ ಅಣ್ಣನಿಗೆ ಉತ್ತರ

ನಮಸ್ಕಾರ ಅಣ್ಣ. ನಿಮ್ಮ ಪ್ರಶ್ನೆಗೆ ತುಂಬಾ ಜನ ಉತ್ತರ ಹಾಕಿದ್ದಾರೆ. ಅರ್ಧ ಜನ ಕ್ಯಾಮೆರಾದ ಮೆಗಾಪಿಕ್ಸೆಲ್ ಲೆಕ್ಕಕ್ಕೆ ಹೋದರು, ಉಳಿದವರು ಐಫೋನ್ ತೆಗೆದುಕೊಳ್ಳಿ ಅಂದರು. ನೀವು ಕೇಳಿದ್ದು ಅದಲ್ಲವಲ್ಲ. 6.7 ಇಂಚಿನ ಎರಡು ಫೋನ್ ನೋಡಿದ್ದೀರಿ. ಒಂದರ ಸ್ಕ್ರೀನು 720 × 1600 ಪಿಕ್ಸೆಲ್ಲಿನ (ಪಿಕ್ಸೆಲ್ ಅಂದರೆ ಚಿತ್ರ ಮೂಡಿಸುವ ಸಣ್ಣ ಚುಕ್ಕಿ) ಎಲ್‌ಸಿಡಿ, ಇನ್ನೊಂದರದ್ದು 1080 × 2400ರ ಅಮೋಲೆಡ್, ಇವು ಸ್ಕ್ರೀನಿನ ಎರಡು ಬಗೆ. ಎರಡನೆಯದಕ್ಕೆ ನಾಲ್ಕು ಸಾವಿರ ಜಾಸ್ತಿ. ಅಂಗಡಿಯವರು "400 ಪಿಪಿಐ ಹತ್ತಿರ ಇಲ್ಲದಿದ್ದರೆ ಕಣ್ಣು ಹಾಳಾಗುತ್ತದೆ" ಅಂದಿದ್ದಾರೆ (ಪಿಪಿಐ ಅಂದರೆ ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನುವ ಲೆಕ್ಕ). ನಿಮಗೆ ಪ್ರಾಯ ಐವತ್ತು ದಾಟಿದೆ, ಚಾಳೀಸು ಉಂಟು. ಫೋನಿನಲ್ಲಿ ಮಾಡುವ ಕೆಲಸ ಅಂದರೆ ಗುಂಪಿನ ಮೆಸೇಜು, ಇ-ಪೇಪರು, ಅಡಿಕೆ ಧಾರಣೆ, ವಿಲ್ಲೇಜ್ ಆಫೀಸಿನ ಮಲಯಾಳ ಕಾಗದ, ರಾತ್ರಿ ಸ್ವಲ್ಪ ಯಕ್ಷಗಾನ ವಿಡಿಯೋ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೂ ಅದೇ ಫೋನು ಹಿಡಿಯುತ್ತಾಳೆ.

ನನಗೆ ತೋಟದ ಜೊತೆಗೆ ಕಾಸರಗೋಡಿನ ಬದಿಯಡ್ಕದ ಕಡೆ ಮೊಬೈಲ್ ರಿಪೇರಿ ಕೆಲಸವೂ ಇದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಿಮ್ಮ ಕಣ್ಣಿಗೆ ಈ ಎರಡರ ಪಿಪಿಐ ವ್ಯತ್ಯಾಸ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆದರೂ ಆ ನಾಲ್ಕು ಸಾವಿರ ಕೊಡಬಹುದು, ಬೇರೆ ಕಾರಣಕ್ಕೆ.

ಪಿಪಿಐ ಅಂದರೆ ಒಂದು ಇಂಚಿನ ಉದ್ದದಲ್ಲಿ ಎಷ್ಟು ಪಿಕ್ಸೆಲ್ ಕೂತಿವೆ ಅನ್ನುವ ಲೆಕ್ಕ. ಅಗಲದ ಪಿಕ್ಸೆಲ್ ಸಂಖ್ಯೆಯ ವರ್ಗ, ಉದ್ದದ್ದರ ವರ್ಗ ಕೂಡಿಸಿ ವರ್ಗಮೂಲ ತೆಗೆದು, ಸ್ಕ್ರೀನಿನ ಮೂಲೆಯಿಂದ ಮೂಲೆಗೆ ಇರುವ ಇಂಚಿನಿಂದ ಭಾಗಿಸಿದರೆ ಸಿಗುತ್ತದೆ. ನಿಮ್ಮ ಮೊದಲನೇ ಫೋನಿಗೆ ಸುಮಾರು 262, ಎರಡನೆಯದಕ್ಕೆ 393. ಅಂದರೆ ಒಂದರಲ್ಲಿ ಪಿಕ್ಸೆಲ್ ಗಾತ್ರ 0.097 ಮಿ.ಮೀ., ಇನ್ನೊಂದರಲ್ಲಿ 0.065. ಎಷ್ಟು ಸಣ್ಣದು ಅಂದರೆ, 1998ರಲ್ಲಿ ಕೇರಳಕ್ಕೆ ಬಂದು ನಮ್ಮ ತೆಂಗನ್ನೆಲ್ಲ ಹಾಳು ಮಾಡಿದ ನುಸಿ ಇದೆಯಲ್ಲ, ಅದರ ಉದ್ದವೇ ಸುಮಾರು 0.2 ಮಿ.ಮೀ. ಲೆನ್ಸ್ ಇಲ್ಲದೆ ಯಾರಿಗೂ ಅದು ಕಾಣುವುದಿಲ್ಲ. ನಿಮ್ಮ ಅಗ್ಗದ ಫೋನಿನ ಪಿಕ್ಸೆಲ್ ಅದರ ಉದ್ದದ ಅರ್ಧದಷ್ಟೂ ಇಲ್ಲ.

ಇನ್ನು ಕಣ್ಣಿನ ಲೆಕ್ಕ. ಕಣ್ಣಿನ ಡಾಕ್ಟರು 6/6 ಅಂತ ಬರೆಯುತ್ತಾರಲ್ಲ, ಆ ದೃಷ್ಟಿಗೆ ಒಂದು ಡಿಗ್ರಿಯ ಅರುವತ್ತನೇ ಒಂದು ಪಾಲಿನಷ್ಟು ಅಂತರ ಇದ್ದರೆ ಎರಡು ಗೆರೆ ಬೇರೆ ಬೇರೆಯಾಗಿ ಕಾಣುತ್ತವೆ. ಅದಕ್ಕಿಂತ ಹತ್ತಿರ ಬಂದರೆ ಒಂದೇ ಆಗಿ ಕಾಣುತ್ತವೆ. ಫೋನನ್ನು ಮುಖದಿಂದ 30 ಸೆಂ.ಮೀ. ದೂರ ಹಿಡಿದರೆ ಈ ಮಿತಿ ಸುಮಾರು 290 ಪಿಪಿಐಗೆ ಬರುತ್ತದೆ. 40 ಸೆಂ.ಮೀ.ಗೆ ಹಿಡಿದರೆ 218 ಸಾಕು. 20 ಸೆಂ.ಮೀ.ಗೆ ತಂದರೆ 436 ಬೇಕು. 2010ರಲ್ಲಿ ಐಫೋನ್ 4 ಬಂದಾಗ ಸ್ಟೀವ್ ಜಾಬ್ಸ್ ಹೇಳಿದ್ದೂ ಇದನ್ನೇ: ಹತ್ತು ಹನ್ನೆರಡು ಇಂಚು ದೂರಕ್ಕೆ 300ರ ಆಸುಪಾಸು ಸಾಕು ಅಂತ. ಆ ಫೋನಿನ ಸ್ಕ್ರೀನು 326 ಇತ್ತು. ಎಳೆ ಪ್ರಾಯದವರಲ್ಲಿ ಕೆಲವರ ಕಣ್ಣು 6/6ಕ್ಕಿಂತ ಚುರುಕು ಇರುತ್ತದೆ, ಅವರಿಗೆ ಈ ಸಂಖ್ಯೆ ಇನ್ನೂ ಮೇಲೆ ಹೋಗುತ್ತದೆ. ಮತ್ತೆ ಓರೆ ಗೆರೆಯಲ್ಲಿ ಸಣ್ಣ ಮೆಟ್ಟಿಲು ಇದ್ದರೆ ಕಣ್ಣು ಅದನ್ನು ಈ ಮಿತಿಗಿಂತಲೂ ಸೂಕ್ಷ್ಮವಾಗಿ ಹಿಡಿಯುತ್ತದೆ. ಹಾಗಾಗಿ 300 ಅನ್ನುವುದು ಗೋಡೆ ಏನಲ್ಲ, ಅಂದಾಜು ಅಷ್ಟೇ.

ಈಗ ನೀವೇ ನೋಡಿ, ನೀವು ಫೋನು ಎಲ್ಲಿ ಹಿಡಿಯುತ್ತೀರಿ? ಚಾಳೀಸು ಬಂದವರು ಯಾರೂ 30 ಸೆಂ.ಮೀ.ಗೆ ಹಿಡಿಯುವುದಿಲ್ಲ. ಕೈ ಉದ್ದ ಮಾಡಿ 40, 45 ಸೆಂ.ಮೀ.ಗೆ ಹಿಡಿಯುತ್ತಾರೆ. ಕನ್ನಡಕ ಹಾಕದೆ ನೋಡಿದರಂತೂ ಎರಡೂ ಫೋನು ಒಂದೇ. ಅಲ್ಲಿ 262 ಧಾರಾಳ ಸಾಕು. ಮಗಳು ಮಲಗಿಕೊಂಡು ಮೂಗಿನ ಹತ್ತಿರ ಇಟ್ಟು ನೋಡುತ್ತಾಳೆ ಅಂತಾದರೆ ಅವಳಿಗೆ 262ರಲ್ಲಿ ಅಕ್ಷರದ ಅಂಚು ಒರಟಾಗಿ ಕಂಡೇ ಕಾಣುತ್ತದೆ. ಮನೆಯಲ್ಲಿ ಒಬ್ಬರಿಗೆ ವ್ಯತ್ಯಾಸ ಉಂಟು, ಇನ್ನೊಬ್ಬರಿಗೆ ಇಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಅಂಗಡಿಗೆ ಬರುವ ಹಲವರು "ಪಿಕ್ಸೆಲ್ ಜಾಸ್ತಿ ಆದರೆ ಅಕ್ಷರ ಸಣ್ಣ ಆಗುತ್ತದಲ್ಲಾ" ಅಂತ ಕೇಳುತ್ತಾರೆ. ಫೋನಿನಲ್ಲಿ ಹಾಗಾಗುವುದಿಲ್ಲ. ಆಂಡ್ರಾಯ್ಡ್ ಅಕ್ಷರದ ಗಾತ್ರವನ್ನು ಪಿಕ್ಸೆಲ್ಲಿನಲ್ಲಿ ಅಳೆಯುವುದಿಲ್ಲ, ಸ್ಕ್ರೀನಿನ ಸಾಂದ್ರತೆಗೆ ಹೊಂದಿಸಿಕೊಳ್ಳುತ್ತದೆ. ಎರಡು ಫೋನಿನಲ್ಲೂ ಅಕ್ಷರ ಸುಮಾರು ಅಷ್ಟೇ ದೊಡ್ಡದು, ಒಂದರಲ್ಲಿ ನುಣುಪು ಜಾಸ್ತಿ. ದೊಡ್ಡ ಅಕ್ಷರ ಬೇಕಾದರೆ ಸೆಟ್ಟಿಂಗಿನಲ್ಲಿ ಫಾಂಟ್ ಸೈಜು, ಡಿಸ್‌ಪ್ಲೇ ಸೈಜು ಅಂತ ಎರಡು ಉಂಟು. ಎರಡನ್ನೂ ಒಂದೊಂದು ಹೆಜ್ಜೆ ಏರಿಸಿ. ಇದಕ್ಕೆ ಖರ್ಚಿಲ್ಲ. ಆದರೂ ಹೆಚ್ಚಿನವರು ಮಾಡುವುದೇ ಇಲ್ಲ, ಯಾಕೋ.

ಸಾಂದ್ರತೆ ನಿಜವಾಗಿ ಲೆಕ್ಕಕ್ಕೆ ಬರುವ ಜಾಗ ಒಂದಿದೆ. ಇಡೀ ಪುಟವನ್ನು ದೊಡ್ಡದು ಮಾಡದೆ ಓದುವುದು. ತೆರಿಗೆ ರಶೀದಿ, ಆಧಾರದ ಪ್ರತಿ, ವಿಲ್ಲೇಜ್ ಆಫೀಸಿನ ಸರ್ಟಿಫಿಕೇಟು ಎಲ್ಲ ಎ4 ಕಾಗದ. ಅಗಲ 21 ಸೆಂ.ಮೀ. ನಿಮ್ಮ ಫೋನಿನ ಸ್ಕ್ರೀನು ಅಗಲದಲ್ಲಿ 7 ಸೆಂ.ಮೀ. ಅಂದರೆ ಎಲ್ಲವೂ ಮೂರರಲ್ಲಿ ಒಂದು ಪಾಲಿಗೆ ಕುಗ್ಗಿತು. ಕಾಗದದಲ್ಲಿ 2 ಮಿ.ಮೀ. ಎತ್ತರ ಇದ್ದ ಅಕ್ಷರ ಫೋನಿನಲ್ಲಿ 0.7 ಮಿ.ಮೀ. ಆಗುತ್ತದೆ. 262 ಪಿಪಿಐಯಲ್ಲಿ ಅಷ್ಟು ಎತ್ತರಕ್ಕೆ ಸಿಗುವುದು ಏಳು ಪಿಕ್ಸೆಲ್, 393ರಲ್ಲಿ ಹತ್ತು ಹನ್ನೊಂದು. ಇಂಗ್ಲಿಷ್ ಅಕ್ಷರ ಏಳು ಪಿಕ್ಸೆಲ್ಲಿನಲ್ಲೂ ಹೇಗೋ ಗುರುತು ಸಿಗುತ್ತದೆ, ಬರೀ ಕೋಲು ಮತ್ತು ಸೊನ್ನೆ ಅಲ್ವಾ. ನಮ್ಮ ಅಕ್ಷರ ಹಾಗಲ್ಲ. ಪ ಮತ್ತು ಷ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೀಟು. ದ ಮತ್ತು ಧ ನಡುವೆ ಇರುವುದು ಕೆಳಗೆ ಒಂದು ಸೀಳು. ಇದರ ಅಡಿಗೆ ಒತ್ತಕ್ಷರ ಬೇರೆ, ಅದು ಇನ್ನೂ ಸಣ್ಣದು. 'ರಾಷ್ಟ್ರ' ಅನ್ನುವುದನ್ನು ಏಳು ಪಿಕ್ಸೆಲ್ಲಿನಲ್ಲಿ ಬರೆದರೆ ಒಂದು ಕಪ್ಪು ಮುದ್ದೆ. ಮಲಯಾಳ ಅಕ್ಷರವೂ ಹಾಗೇ, ಸುರುಳಿ ಜಾಸ್ತಿ. ಇಲ್ಲಿ 393 ಇರುವ ಫೋನು ಖಂಡಿತ ಮುಂದೆ.

ಆದರೆ ಮುಂದೆ ಇರುವುದು ಯಾರಿಗೆ? 6/6 ಕಣ್ಣು 40 ಸೆಂ.ಮೀ. ದೂರದಿಂದ ಕಷ್ಟಪಟ್ಟು ಗುರುತಿಸಬಹುದಾದ ಅಕ್ಷರದ ಎತ್ತರವೇ 0.6 ಮಿ.ಮೀ. ಹತ್ತಿರ. ಆರಾಮವಾಗಿ ಓದಲು ಅದರ ಎರಡು ಮೂರು ಪಟ್ಟು ಬೇಕು. ಅಂದರೆ 0.7 ಮಿ.ಮೀ. ಅಕ್ಷರವನ್ನು ಫೋನು ಎಷ್ಟೇ ನುಣುಪಾಗಿ ತೋರಿಸಿದರೂ ನಿಮ್ಮ ಕಣ್ಣಿಗೆ ಅದು ಸಣ್ಣದೇ. ನೀವು ಹೇಗೂ ಎರಡು ಬೆರಳಿನಿಂದ ಅಗಲಿಸುತ್ತೀರಿ. ಅಗಲಿಸಿದ ಮೇಲೆ 262ಕ್ಕೂ 393ಕ್ಕೂ ಜಗಳ ಮುಗಿಯಿತು. ಇ-ಪೇಪರಿನ ಪುಟ ಇದಕ್ಕಿಂತಲೂ ಅಗಲ, ಅದನ್ನು ಅಗಲಿಸದೆ ಓದಲು ಯಾವ ಫೋನಿನಲ್ಲೂ ಆಗುವುದಿಲ್ಲ. ಹೆಡ್ಡಿಂಗ್ ನೋಡಬಹುದು ಅಷ್ಟೇ.

ಅಗಲಿಸಿದರೂ ಮಸುಕು ಅಂತಾದರೆ ಅದು ಸ್ಕ್ರೀನಿನ ತಪ್ಪಲ್ಲ, ಬಂದ ಚಿತ್ರದ ತಪ್ಪು. ಧಾರಣೆ ಪಟ್ಟಿ ನೋಡಿ. ಹೊಸ ಅಡಿಕೆ, ಹಳೆ ಅಡಿಕೆ, ಪಠೋರ, ಉಳ್ಳಿಗಡ್ಡೆ, ಕರಿಗೋಟು ಅಂತ ಅಡಿಕೆಯ ಬಗೆಗಳು ಒಂದರ ಕೆಳಗೆ ಒಂದು. ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ, ಗುಂಪಿಗೆ ಹಾಕುತ್ತಾರೆ, ಅಲ್ಲಿಂದ ಇನ್ನೊಬ್ಬರು ಅದರದ್ದೇ ಸ್ಕ್ರೀನ್‌ಶಾಟ್ ತೆಗೆದು ಮತ್ತೊಂದು ಗುಂಪಿಗೆ. ವಾಟ್ಸಾಪ್ ಪ್ರತಿ ಸಲವೂ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ನಮ್ಮ ಕೈಗೆ ಬರುವಾಗ 3 ಯಾವುದು 8 ಯಾವುದು ಅಂತ ಗೊತ್ತಾಗದು. ಸಾವಿರ ಪಿಪಿಐ ಇದ್ದರೂ ಇದು ಸರಿಯಾಗುವುದಿಲ್ಲ. 2023ರಲ್ಲಿ ಎಚ್‌ಡಿ ಅಂತ ಒಂದು ಆಯ್ಕೆ ಬಂದಿದೆ, ಕಳಿಸುವಾಗ ಅದನ್ನು ಒತ್ತಿ. ಇನ್ನೂ ಒಳ್ಳೆಯದು, ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸುವುದು. ಆಗ ಮೂಲ ಫೈಲು ಹಾಗೆಯೇ ಹೋಗುತ್ತದೆ.

ಈಗ ನಾಲ್ಕು ಸಾವಿರಕ್ಕೆ ಬರೋಣ. ನನ್ನ ಲೆಕ್ಕದಲ್ಲಿ ಕೃಷಿಕನ ಫೋನಿಗೆ ಪಿಪಿಐಗಿಂತ ಬೆಳಕು ಮುಖ್ಯ. ಕಂಗಿನ (ಅಡಿಕೆಯ) ತೋಟದ ನೆರಳಿನಲ್ಲಿ ಯಾವ ಫೋನಾದರೂ ಕಾಣುತ್ತದೆ. ಅಂಗಳದಲ್ಲಿ ಅಡಿಕೆ ಒಣಗುವಾಗ, ಮಧ್ಯಾಹ್ನದ ಬಿಸಿಲಿಗೆ ನಿಂತು ಫೋನು ತೆಗೆದರೆ? ಕಡಿಮೆ ಬೆಲೆಯ ಎಲ್‌ಸಿಡಿಗಳು ಸಾಮಾನ್ಯವಾಗಿ 400ರಿಂದ 600 ನಿಟ್ಸ್ (ಬೆಳಕಿನ ಅಳತೆ). ಆ ಬಿಸಿಲಿಗೆ ಅದು ಸಾಲದು, ನಮ್ಮ ಮುಖವೇ ಕನ್ನಡಿಯ ಹಾಗೆ ಕಾಣುತ್ತದೆ. ಈಗಿನ ಮಧ್ಯಮ ಬೆಲೆಯ ಅಮೋಲೆಡ್‌ಗಳಲ್ಲಿ ಹಲವು ಬಿಸಿಲಿಗೆ ಹೋದಾಗ ತಾವಾಗಿಯೇ ಇದರ ಎರಡು ಪಟ್ಟಿನವರೆಗೆ ಏರುತ್ತವೆ. ಡಬ್ಬಿಯ ಮೇಲೆ ಪೀಕ್ ಅಂತ ಬರೆದ ದೊಡ್ಡ ಸಂಖ್ಯೆಯನ್ನು ನಂಬಬೇಡಿ, ಅದು ಸ್ಕ್ರೀನಿನ ಒಂದು ಸಣ್ಣ ಭಾಗಕ್ಕೆ ಸಿಗುವ ಬೆಳಕು. ಹೈ ಬ್ರೈಟ್‌ನೆಸ್ ಮೋಡ್ ಅಂತ ಬರೆದದ್ದನ್ನು ನೋಡಿ. ಹೆಚ್ಚಿನ ಫೋನುಗಳಲ್ಲಿ ಅದು ಕೆಲಸ ಮಾಡಬೇಕಾದರೆ ಆಟೋ ಬ್ರೈಟ್‌ನೆಸ್ ಆನ್ ಇರಬೇಕು. ಚಾರ್ಜ್ ಉಳಿಯಲಿ ಅಂತ ಅದನ್ನು ಆಫ್ ಮಾಡಿಟ್ಟು, ಬಿಸಿಲಿಗೆ ಕಾಣುವುದಿಲ್ಲ ಅಂತ ರಿಪೇರಿಗೆ ತರುವವರು ಎಷ್ಟು ಜನ!

ಸ್ಕ್ರೀನ್ ಗಾರ್ಡ್ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಮ್ಯಾಟ್ (ಹೊಳಪಿಲ್ಲದ) ಗಾರ್ಡ್ ಹಾಕಿದರೆ ಬೆಳಕು ಚದುರಿ ಬಿಳಿ ಹಿನ್ನೆಲೆಯಲ್ಲಿ ಸಣ್ಣ ರವೆ ಹಾಕಿದಂತೆ ಕಾಣುತ್ತದೆ. 393 ಪಿಪಿಐಗೆ ದುಡ್ಡು ಕೊಟ್ಟು ಅದರ ಮೇಲೆ ಮ್ಯಾಟ್ ಅಂಟಿಸುವುದು ವ್ಯರ್ಥ. ಮಣ್ಣಿನ ಕೈಯಲ್ಲಿ ಉಜ್ಜಿ ಗೀರು ತುಂಬಿದ ಗಾರ್ಡ್ ಇದ್ದರೂ ಅದೇ ಕಥೆ. ಬದಲಾಯಿಸಿ.

ಅಮೋಲೆಡ್ ಬಗ್ಗೆ ಒಂದು ಎಚ್ಚರಿಕೆ. ಎಲ್‌ಸಿಡಿಯಲ್ಲಿ ಪ್ರತಿ ಪಿಕ್ಸೆಲ್ಲಿಗೂ ಕೆಂಪು, ಹಸಿರು, ನೀಲಿ ಮೂರೂ ಇರುತ್ತವೆ. ಹೆಚ್ಚಿನ ಅಮೋಲೆಡ್‌ಗಳಲ್ಲಿ ಪೆನ್‌ಟೈಲ್ ಅನ್ನುವ ಜೋಡಣೆ. ಹಸಿರು ಪೂರ್ತಿ ಇರುತ್ತದೆ, ಕೆಂಪು ಮತ್ತು ನೀಲಿ ಅದರ ಅರ್ಧ. ಹಾಗಾಗಿ ಅಮೋಲೆಡ್‌ನ 393 ಎಲ್‌ಸಿಡಿಯ 393ಕ್ಕೆ ಸಮ ಅಲ್ಲ, ಸ್ವಲ್ಪ ಕೆಳಗೆ. 393 ಇದ್ದಾಗ ಇದು ಕಣ್ಣಿಗೆ ತೊಂದರೆ ಕೊಡುವುದಿಲ್ಲ. ಆದರೆ 720ರ ಅಮೋಲೆಡ್ ಅಂತ ಯಾರಾದರೂ ಸೆಕೆಂಡ್ ಹ್ಯಾಂಡ್ ಕೊಡಲು ಬಂದರೆ ಬೇಡ ಅನ್ನಿ. ಕನ್ನಡ ಅಕ್ಷರದ ಅಂಚಿನಲ್ಲಿ ಬಣ್ಣದ ಗೀರು ಕಾಣುತ್ತದೆ. ಅದಕ್ಕಿಂತ 720ರ ಎಲ್‌ಸಿಡಿ ವಾಸಿ. ಮತ್ತೆ ಹಲವು ಅಮೋಲೆಡ್‌ಗಳು ಬೆಳಕು ಕಡಿಮೆ ಮಾಡುವಾಗ ವೇಗವಾಗಿ ಮಿನುಗುತ್ತವೆ, ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ. ನಿಮಗೆ ಹಾಗೆ ಆಗುತ್ತದಾ ಅಂತ ಯಾರದಾದರೂ ಫೋನು ಒಂದು ರಾತ್ರಿ ಇಟ್ಟುಕೊಂಡು ನೋಡಿ.

1080ರದ್ದಕ್ಕೆ ಬ್ಯಾಟರಿ ಬೇಗ ಇಳಿಯುತ್ತದಾ ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. 1080ರ ಸ್ಕ್ರೀನಿನಲ್ಲಿ ಪಿಕ್ಸೆಲ್ ಎರಡೂಕಾಲು ಪಟ್ಟು, ಪ್ರೊಸೆಸರಿಗೆ ಅಷ್ಟು ಕೆಲಸ ಜಾಸ್ತಿ. ಅಗ್ಗದ ಚಿಪ್ ಇರುವ ಫೋನು 720ರಲ್ಲಿ ಹಗುರಾಗಿ ಓಡುತ್ತದೆ. ಪಿಕ್ಸೆಲ್ ಹೆಚ್ಚಿಸುತ್ತಾ ಹೋಗುವುದಕ್ಕೆ ಕೊನೆ ಇದೆ ಅಂತ ಕಂಪೆನಿಗಳಿಗೂ ಗೊತ್ತು. ಸೋನಿ 2015ರಲ್ಲಿ ಎಕ್ಸ್‌ಪೀರಿಯಾ ಝಡ್5 ಪ್ರೀಮಿಯಂಗೆ 5.5 ಇಂಚಿನಲ್ಲಿ 4ಕೆ (1080ಕ್ಕಿಂತ ತುಂಬಾ ಹೆಚ್ಚು ಪಿಕ್ಸೆಲ್ಲಿನ) ಸ್ಕ್ರೀನು ಹಾಕಿತ್ತು, 800 ಪಿಪಿಐ. 2019ರಿಂದ ಎಕ್ಸ್‌ಪೀರಿಯಾ 1ರ ಸಾಲಿನಲ್ಲೂ 4ಕೆ ಇಟ್ಟಿತು. 2024ರಲ್ಲಿ ಅದೇ ಸಾಲಿನ ಹೊಸ ಫೋನಿಗೆ 1080ಕ್ಕೆ ಇಳಿಯಿತು. ಅಷ್ಟು ದುಬಾರಿ ಫೋನಿಗೇ ಸಾಕು ಅಂತಾದ ಮೇಲೆ ನಮಗೆ ಬೇರೆ ಎಂತ ಬೇಕು?

ಯಕ್ಷಗಾನ ವಿಡಿಯೋಗೆ ಈ ಲೆಕ್ಕವೇ ಬೇಡ. ರಾತ್ರಿ ನೆಟ್‌ವರ್ಕ್ ಸಿಕ್ಕಿದಷ್ಟಕ್ಕೆ ಯೂಟ್ಯೂಬು 480ಕ್ಕೆ ಇಳಿಸಿ ತೋರಿಸುತ್ತದೆ. ಸ್ಕ್ರೀನು ಎಷ್ಟಿದ್ದರೇನು.

"ಕಣ್ಣು ಹಾಳಾಗುತ್ತದೆ" ಅನ್ನುವುದು ವ್ಯಾಪಾರದ ಮಾತು. ಪಿಕ್ಸೆಲ್ ಕಡಿಮೆ ಇದ್ದದ್ದಕ್ಕೆ ಕಣ್ಣು ಹಾಳಾಗುವುದಿಲ್ಲ. ಕಣ್ಣು ಸೋಲುವುದು ಸಣ್ಣ ಅಕ್ಷರವನ್ನು ಹತ್ತಿರ ಹಿಡಿದು ತುಂಬಾ ಹೊತ್ತು ನೋಡುವುದರಿಂದ, ರೆಪ್ಪೆ ಬಡಿಯುವುದನ್ನು ಮರೆಯುವುದರಿಂದ, ಕತ್ತಲೆ ಕೋಣೆಯಲ್ಲಿ ಸ್ಕ್ರೀನು ಪೂರ್ತಿ ಬೆಳಕಿನಲ್ಲಿ ಇಡುವುದರಿಂದ. ಹಳೇ ನಂಬರಿನ ಕನ್ನಡಕ ಹಾಕಿಕೊಂಡು ಹೊಸ ಫೋನಿನಲ್ಲಿ ಸ್ಪಷ್ಟತೆ ಹುಡುಕುವವರೂ ಇದ್ದಾರೆ. ನೀವು ಕಣ್ಣು ತೋರಿಸಿ ಎಷ್ಟು ಕಾಲ ಆಯಿತು? ಫೋನಿಗೆ ಮೊದಲು ಅದು.

ನನ್ನ ಸಲಹೆ ಹೀಗೆ. ಮಗಳೂ ಬಳಸುವ ಫೋನು, ನೀವು ಬಿಸಿಲಿನಲ್ಲೂ ನೋಡುವವರು, ಹಾಗಾಗಿ 1080ರ ಅಮೋಲೆಡ್ ತೆಗೆದುಕೊಳ್ಳಿ. ನಿಮಗೊಬ್ಬರಿಗೇ ಆದರೆ, ಅದೂ ಹೆಚ್ಚು ಮನೆಯೊಳಗೇ ಬಳಸುವುದಾದರೆ, 720ರದ್ದು ಸಾಕು, ಉಳಿದದ್ದರಲ್ಲಿ ರ‍್ಯಾಮ್ ಜಾಸ್ತಿ ಇರುವ ಮಾಡೆಲ್ ನೋಡಿ. ಒಂದು ವಿಷಯ ತಲೆಯಲ್ಲಿ ಇರಲಿ: ಬಿದ್ದು ಒಡೆದರೆ ಅಮೋಲೆಡ್ ಡಿಸ್‌ಪ್ಲೇ ಬದಲಾಯಿಸುವುದು ಎಲ್‌ಸಿಡಿಗಿಂತ ತುಂಬಾ ದುಬಾರಿ. ಅಗ್ಗಕ್ಕೆ ಹಾಕಿ ಕೊಡುತ್ತೇವೆ ಅನ್ನುವವರು ಕೆಲವೊಮ್ಮೆ ಅಮೋಲೆಡ್ ತೆಗೆದು ಎಲ್‌ಸಿಡಿ ಕೂರಿಸುತ್ತಾರೆ, ಕೇಳಿಕೊಂಡೇ ಕೊಡಿ.

ಅಂಗಡಿಯಲ್ಲಿ ಡೆಮೊ ವಿಡಿಯೋ ನೋಡಿ ಮರುಳಾಗಬೇಡಿ, ಅದು ಚಂದ ಕಾಣಲಿ ಅಂತಲೇ ಮಾಡಿದ್ದು. ನಿಮ್ಮ ತೆರಿಗೆ ರಶೀದಿಯ ಫೈಲನ್ನು ಎರಡೂ ಫೋನಿನಲ್ಲಿ ತೆರೆಯಿರಿ. ಕನ್ನಡಕ ಹಾಕಿ, ನೀವು ಯಾವಾಗಲೂ ಹಿಡಿಯುವ ದೂರಕ್ಕೆ ಹಿಡಿದು ಓದಿ. ಆಮೇಲೆ ಎರಡನ್ನೂ ಅಂಗಡಿಯ ಹೊರಗೆ ಬಿಸಿಲಿಗೆ ತನ್ನಿ. ತರಲು ಬಿಡದಿದ್ದರೆ ಬೇರೆ ಅಂಗಡಿ ನೋಡಿ.

ಮತ್ತೆ ಅಣ್ಣ, ನೀವು ಮೊನ್ನೆ ಇದೇ ಗುಂಪಿನಲ್ಲಿ ಹಾಕಿದ ಅಡಿಕೆ ಸೋಗೆಯ ಫೋಟೋ ಇದೆಯಲ್ಲ, ಎಲೆಚುಕ್ಕಿ ರೋಗವಾ ಅಂತ ಕೇಳಿದ್ದು, ಅದನ್ನು ಅಗಲಿಸಿದರೆ ಏನೂ ತಿಳಿಯುವುದಿಲ್ಲ. ಮೂಲ ಫೋಟೋ ನಿಮ್ಮ ಫೋನಿನಲ್ಲಿ ಇದ್ದರೆ ಡಾಕ್ಯುಮೆಂಟ್ ಆಗಿ ಇನ್ನೊಮ್ಮೆ ಹಾಕಿ. ಕಂದು ಚುಕ್ಕಿಯ ಸುತ್ತ ಹಳದಿ ಉಂಗುರ ಉಂಟಾ ಅಂತ ನೋಡಬೇಕು.