ಆ ಪೊಟರೆ ಮರ ಇರಲಿ

ಪ್ರಶ್ನೆ: ಕಳೆದ ಸಂಚಿಕೆಯ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಚಿತ್ರ ಬಹಳ ಹಿಡಿಸಿತು. ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಮುದಿ ತಾರೆ ಮರವೊಂದಿದೆ, ಒಳಗೆಲ್ಲ ಟೊಳ್ಳು. ಅದನ್ನು ಕಡಿಸಿ, ಹಕ್ಕಿಗಳಿಗೆಂದು ಹತ್ತು ಹಣ್ಣಿನ ಸಸಿ ನೆಡಬೇಕೆಂದಿದ್ದೇನೆ. ಸರಿಯೇ?
– ಸಿದ್ದಾಪುರ ತಾಲ್ಲೂಕಿನ ಓದುಗರು

ಉತ್ತರ: ಸಸಿ ನೆಡಿ, ಖಂಡಿತ ನೆಡಿ. ಮರ ಮನೆಯ ಮೇಲೋ ದಾರಿಯ ಮೇಲೋ ಬೀಳುವಂತಿದ್ದರೆ ನಿಮ್ಮ ಚಿಂತೆಯೂ ನ್ಯಾಯವೇ. ಬೆಟ್ಟದ ನಡುವೆ ನಿಂತಿದ್ದರೆ ಮಾತ್ರ ಕೈಮುಗಿದು ಕೇಳುತ್ತೇನೆ, ಕೊಡಲಿ ಹಾಕಿಸಬೇಡಿ.

ನೀವು ಮೆಚ್ಚಿದ ಆ ದೊಡ್ಡ ಮಂಗಟ್ಟೆಗೆ ಅಷ್ಟುದ್ದದ ಹಳದಿ ಕೊಕ್ಕಿದ್ದರೂ ಮರಕುಟಿಗನಂತೆ ಗೂಡು ಕೊರೆಯಲು ಬಾರದು. ಕೊಂಬೆ ಮುರಿದು, ಮಳೆನೀರು ಇಳಿದು, ತಾನಾಗಿ ಟೊಳ್ಳಾದ ಪೊಟರೆಯೇ ಬೇಕು. ಹೆಣ್ಣು ಒಳಹೊಕ್ಕು ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಬಿಟ್ಟು. ಒಂದೋ ಎರಡೋ ಮೊಟ್ಟೆ, ಸುಮಾರು 40 ದಿನ ಕಾವು. ಆ ಹೊತ್ತಿಗೆ ಹೆಣ್ಣಿನ ರೆಕ್ಕೆಯ ಗರಿಯೂ ಉದುರಿರುತ್ತದೆ. ಗಂಡು ಅತ್ತಿ, ಗೋಳಿ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಕಕ್ಕಿ ಕೊಡುತ್ತದೆ. ಗಣೇಶಗುಡಿಯ ಹತ್ತಿರ ಒಂದು ಬೆಳಗ್ಗೆ ಅದರ ರೆಕ್ಕೆಯ ಸದ್ದು ಕೇಳಿದೆ. ಹಕ್ಕಿ ಕಾಣುವ ಮೊದಲೇ ತಲೆಯ ಮೇಲೆ ಯಾರೋ ಏದುಸಿರು ಬಿಟ್ಟಂತೆ! ಆ ಗಂಡು ಹಿಂತಿರುಗದಿದ್ದರೆ ಒಳಗಿದ್ದವರ ಗತಿಯೇನು ಎಂದು ದಿನವಿಡೀ ಯೋಚಿಸಿದ್ದೆ.

ಇದು ದೀರ್ಘಾಯುಷಿ ಹಕ್ಕಿ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಚೇರಿಯಲ್ಲಿ ವಿಲಿಯಂ ಎಂಬ ದೊಡ್ಡ ಮಂಗಟ್ಟೆ 1894ರಿಂದ 1920ರವರೆಗೆ, 26 ವರ್ಷ ಬಾಳಿತ್ತು. ಇಂದಿಗೂ ಆ ಸಂಸ್ಥೆಯ ಲಾಂಛನ ಮಂಗಟ್ಟೆಯೇ. ಕಾಡಿನಲ್ಲಿ ಇಂಥ ಜೋಡಿ ಒಗ್ಗಿದ ಪೊಟರೆಗೇ ವರ್ಷ ವರ್ಷವೂ ಮರಳುತ್ತದೆ. ನೀವು ನೆಡುವ ಸಸಿ ಹಣ್ಣು ಬಿಟ್ಟೀತು. ಅದರಲ್ಲಿ ಮಂಗಟ್ಟೆ ಹಿಡಿಸುವಂಥ ಪೊಟರೆ ಮೂಡುವುದನ್ನು ನಿಮ್ಮ ಮೊಮ್ಮಕ್ಕಳೂ ನೋಡಲಾರರು.

ತಪ್ಪು ನಿಮ್ಮೊಬ್ಬರದಲ್ಲ. 1950ರಲ್ಲಿ ಆಗಿನ ಕೇಂದ್ರ ಕೃಷಿ ಮಂತ್ರಿ ಕೆ.ಎಂ. ಮುನ್ಷಿಯವರು ವನಮಹೋತ್ಸವ ಶುರುಮಾಡಿದಂದಿನಿಂದ ನೆಡುವುದನ್ನೇ ನಮಗೆ ಕಲಿಸಿದ್ದಾರೆ, ಉಳಿಸುವುದನ್ನು ಕಲಿಸಲಿಲ್ಲ. ನಮ್ಮೂರ ದಾರಿಯ ಗೋಳಿಮರಗಳನ್ನು ರಸ್ತೆ ಅಗಲಿಸಲು ಉರುಳಿಸಿದ ವಾರದಲ್ಲೇ ಸಸಿ ಹಿಡಿದು ಫೋಟೋ ತೆಗೆಸಿಕೊಂಡವರನ್ನು ಕಂಡಿದ್ದೇನೆ. ನಾಟಾ ಆಗದ ಮರ ದಂಡ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ! 2011ರಲ್ಲಿ ಕಾಳಿ ಕಣಿವೆಯಲ್ಲಿ ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಘೋಷಣೆಯಾಯಿತು, ಸಂತೋಷ. ಅದರ ಹೊರಗಿನ ಪೊಟರೆಗಳನ್ನು ಕಾಯುವವರು ನಿಮ್ಮಂಥ ಬೆಟ್ಟದೊಡೆಯರೇ.

ಬರುವ ಮಾರ್ಚಿನಲ್ಲಿ ತಾರೆ ಮರದ ಬುಡ ನೋಡಿ. ರಾಮಪತ್ರೆಯಂಥ ದೊಡ್ಡ ಬೀಜಗಳ ರಾಶಿ ಬಿದ್ದಿದ್ದರೆ ಮೇಲೆ ಗೂಡಿದೆಯೆಂದು ತಿಳಿದು ತಕ್ಷಣ ಹಿಂದೆ ಸರಿಯಿರಿ, ಕ್ಯಾಮೆರಾದವರಿಗೆ ಹೇಳಬೇಡಿ. ನಮಗೊಂದು ಕಾರ್ಡು ಬರೆಯಿರಿ. ಊರ ಹೆಸರು ಅಚ್ಚು ಹಾಕುವುದಿಲ್ಲ.

– ಸಂ.