ಮೊದಲು ಸೋರಿಕೆ, ಆಮೇಲೆ ಫ್ಯಾನ್

ರಾತ್ರಿಯಿಡೀ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಂಸ ಬೇಯಿಸಲು ಹೊರಟರೆ ಇದ್ದಿಲಿನ ಸ್ಮೋಕರ್ (ಹೊಗೆಯಲ್ಲಿ ಮಾಂಸ ಬೇಯಿಸುವ ಮುಚ್ಚಳದ ಒಲೆ) ನಡುರಾತ್ರಿ 140ಕ್ಕೆ ಏರುತ್ತದೆ, ಕೆಂಡಕ್ಕೆ ಬೇಕಾದಷ್ಟೇ ಗಾಳಿ ಊದಿ ಶಾಖ ಕಾಯುವ, ಫ್ಯಾನ್ ಇರುವ ನಿಯಂತ್ರಕ ಕೊಳ್ಳಲೇ ಎಂದು ಕೇಳಿದ್ದೀರಿ. ಕೊಳ್ಳಿ, ಆದರೆ ಈಗಲೇ ಬೇಡ. ಫ್ಯಾನ್ ಗಾಳಿಯನ್ನು ಊದಬಲ್ಲದು. ಸಂದುಗಳಲ್ಲಿ ನುಸುಳುವ ಗಾಳಿಯನ್ನು ತಡೆಯಲಾರದು. ಫ್ಯಾನ್ ನಿಂತ ಮೇಲೂ ಕೆಂಡಕ್ಕೆ ಗಾಳಿ ಸಿಗುತ್ತಿದ್ದರೆ ಶಾಖ ಏರುತ್ತಲೇ ಇರುತ್ತದೆ.

ಮುಚ್ಚಳದ ಅಂಚಿನಲ್ಲಿ ಹೊಗೆ ಎಳೆಎಳೆಯಾಗಿ ಹೊರಬರುವ ಕಡೆ ಶಾಖ ತಾಳುವ, ಸಂದು ಮುಚ್ಚುವ ಗ್ಯಾಸ್ಕೆಟ್ ಪಟ್ಟಿ ಅಂಟಿಸಿ. ಕೆಳಗಿನ ಬಾಗಿಲು ಇನ್ನೂ ಮೋಸಗಾರ: ಅಲ್ಲಿ ಗಾಳಿ ಒಳಕ್ಕೆ ಹೋಗುವುದರಿಂದ ಹೊಗೆಯೇ ಕಾಣುವುದಿಲ್ಲ. ಎಲ್ಲ ಗಾಳಿಕಿಂಡಿಗಳನ್ನೂ ಮುಚ್ಚಿ ನೋಡಿ. ಬೆಂಕಿ ಕ್ರಮೇಣ ಆರದಿದ್ದರೆ ಸೋರಿಕೆ ಉಳಿದಿದೆ ಎಂದೇ ಅರ್ಥ.

ಮುಚ್ಚಳದ ಮೇಲಿನ ಮುಳ್ಳಿನ ಮಾಪಕವನ್ನು ದಯವಿಟ್ಟು ನಂಬಬೇಡಿ. ಎರಡು ಪ್ರೋಬ್‌ಗಳ (ಶಾಖ ಅಳೆಯುವ ಕಡ್ಡಿಗಳ) ಡಿಜಿಟಲ್ ಥರ್ಮಾಮೀಟರ್ ತಂದು, ಒಂದನ್ನು ಮಾಂಸದೊಳಗೆ, ಇನ್ನೊಂದನ್ನು ಜಾಲರಿಯ ಮಟ್ಟದಲ್ಲಿ, ಮಾಂಸಕ್ಕೆ ತಾಗದಂತೆ ಇಡಿ. ಹತ್ತು ಡಿಗ್ರಿ ಅತ್ತಿತ್ತ ಆದರೆ ಅಡುಗೆ ಕೆಡುವುದಿಲ್ಲ, ಅದನ್ನು ಸರಿಪಡಿಸುತ್ತಾ ಕೂರಬೇಡಿ.

ಇಷ್ಟಾದ ಮೇಲೂ ನಿದ್ದೆಗೆಡಬೇಕಾದರೆ ನಿಯಂತ್ರಕ ಖಂಡಿತ ಸಾರ್ಥಕ. ಫ್ಯಾನ್ ಕೂರಿಸಿದ ಕಿಂಡಿಯನ್ನು ಬಿಟ್ಟು ಕೆಳಗಿನವನ್ನೆಲ್ಲ ಮುಚ್ಚಿ, ಮೇಲಿನದನ್ನು ಸ್ವಲ್ಪವೇ ತೆರೆದಿಡಿ. ಹೊತ್ತಿಸದ ಇದ್ದಿಲಿನ ರಾಶಿಯ ಮೇಲೆ ಕೆಲವೇ ಕೆಂಡಗಳನ್ನು ಹಾಕಿ ನಿಧಾನವಾಗಿ ಆರಂಭಿಸಿ. ಮುಚ್ಚಳ ತೆರೆಯುವ ಮುನ್ನ ಫ್ಯಾನ್ ನಿಲ್ಲಿಸಲು ಮರೆಯಬೇಡಿ. ಇಲ್ಲವಾದರೆ ಶಾಖ ಕುಸಿಯಿತೆಂದುಕೊಂಡು ಅದು ಊದತೊಡಗುತ್ತದೆ, ಮುಚ್ಚಿದ ಬಳಿಕ ಶಾಖ ಮಿತಿ ದಾಟುತ್ತದೆ.