ಮನೆಯ ಹಸಿ ಕಸದ ಗೊಬ್ಬರವನ್ನು ಕಾಫಿ ತೋಟದವರು ತಗೊಳ್ತಾರಾ?

ಖಂಡಿತ ತಗೊಳ್ತಾರೆ, ಪ್ಲಾಸ್ಟಿಕ್ ಇಲ್ಲದಿದ್ದರೆ. ಮಡಿಕೇರಿಯ ನಿಮ್ಮ ಬೀದಿಯ ಹತ್ತು ಮನೆ ಸೇರಿ ಗೊಬ್ಬರ ಮಾಡಿದರೆ ತೋಟದವರು ಒಯ್ಯುತ್ತಾರಾ, ಮಳೆಗಾಲದಲ್ಲಿ ಏನು ಮಾಡೋದು ಅಂತ ಕೇಳಿದ್ದೀರಿ. ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ಪೇಟೆಯ ಕೆಲವು ಮನೆಗಳ ಗೊಬ್ಬರ ತಂದು ಹಾಕುತ್ತೇವೆ, ಹಾಗಾಗಿ ತೋಟದ ಕಡೆಯಿಂದ ಹೇಳುತ್ತೇನೆ.

ಚೀಲ ಬಂದ ಕೂಡಲೇ ನಾನು ಒಂದು ಹಿಡಿ ತೆಗೆದು ಬೆರಳಲ್ಲಿ ಬಿಡಿಸಿ ನೋಡುತ್ತೇನೆ. ಜಾಸ್ತಿ ಸಿಗೋದು ಹಾಲಿನ ಪ್ಯಾಕೆಟ್‌ನ ಮೂಲೆ. ಕತ್ತರಿಸಿದ ಆ ಚೂರು ತರಕಾರಿ ಸಿಪ್ಪೆ ಜೊತೆ ಬಕೆಟ್‌ಗೆ ಹೋಗುತ್ತದೆ, ಆಮೇಲೆ ಯಾರಿಂದಲೂ ಆರಿಸೋಕಾಗಲ್ಲ. ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಪ್ಯಾಕೆಟ್‌ಗೇ ಅಂಟಿಕೊಂಡಿರಲಿ. ಗಾಜು, ಬ್ಲೇಡ್ ಅಂತೂ ಬೇಡವೇ ಬೇಡ. ಕಾಫಿಯ ಬೇರು ಮೇಲ್ಮಣ್ಣಲ್ಲೇ ಇರುತ್ತದೆ, ಅಲ್ಲಿ ನಮ್ಮವರು ಬರಿಗೈಯಲ್ಲಿ ಕಳೆ ಕೀಳುತ್ತಾರೆ.

ಇನ್ನು ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುತ್ತದೆ. ಮೇಲೆ ತಗಡು ಇಲ್ಲದಿದ್ದರೆ ರಾಶಿ ನೆನೆದು, ಗಾಳಿಯಾಡದೆ ನಾರುತ್ತದೆ, ಸಾರವೆಲ್ಲ ನೀರಿನ ಜೊತೆ ಹರಿದು ಹೋಗುತ್ತದೆ. ತಗಡಿಗಿಂತ ಮುಖ್ಯ ಒಣ ಎಲೆ. ಜೂನ್‌ನಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತೆ? ಜನವರಿಯಿಂದ ಮಾರ್ಚ್ ಒಳಗೆ ಚೀಲ ಚೀಲ ತುಂಬಿಸಿಡಿ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಎಲೆ ಬೇಕು. ತೋಟದ ನೆರಳಿನ ಮರಗಳಲ್ಲಿ ಸಿಲ್ವರ್ ಓಕ್ ಎಲೆ ಬೇಗ ಕೊಳೆಯಲ್ಲ, ಹಾಲವಾಣದ ಎಲೆ ಸೇರಿಸಿ. ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕಗಳ, ಅಂದರೆ ಒಣ ಕಾಫಿಯ ಸಿಪ್ಪೆ ಸುಲಿಯುವ ಕಡೆಯ, ಹೊಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಮಾಂಸ, ಮೂಳೆ ಹಾಕಬೇಡಿ, ನಾಯಿ ಬರುತ್ತದೆ, ತೋಟದಂಚಲ್ಲಿ ಕಾಡುಹಂದಿಯೂ ಬರುತ್ತದೆ.

ವಾರಕ್ಕೊಮ್ಮೆ ತಿರುವಿ ಹಾಕಿ. ಒಳಗೆ ಕೈ ಇಡೋಕಾಗದಷ್ಟು, ಅಂದರೆ 55 ಡಿಗ್ರಿ ಮೇಲೆ, ಕೆಲವು ದಿನ ಬಿಸಿ ಇದ್ದರೆ ಟೊಮ್ಯಾಟೊ, ಕುಂಬಳದ ಬೀಜ ಸಾಯುತ್ತವೆ. ಎರಡು ಮೂರು ತಿಂಗಳು ಬಿಡಿ. ಅರ್ಧ ಕೊಳೆತದ್ದನ್ನು ಬುಡಕ್ಕೆ ಹಾಕಿದರೆ ಅದೇ ಗಿಡದ ಸಾರಜನಕ ಎಳೆದುಕೊಳ್ಳುತ್ತದೆ. ಜೂನ್‌ನ ರಾಶಿ ಸೆಪ್ಟೆಂಬರ್ ಹೊತ್ತಿಗೆ ತಯಾರಾದರೆ, ಮಳೆ ಇಳಿದ ಮೇಲೆ ನಾವು ಗೊಬ್ಬರ ಹಾಕೋದೂ ಆಗಲೇ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮನೆಗೆ ದಿನಕ್ಕೆ ಅರ್ಧ ಕೆ.ಜಿ. ಅಂದರೂ ಹತ್ತು ಮನೆಯಿಂದ ವರ್ಷಕ್ಕೆ 1800 ಕೆ.ಜಿ. ಹಸಿ ಕಸ, ಕೊಳೆತ ಮೇಲೆ ಸುಮಾರು 400 ಕೆ.ಜಿ. ಗಿಡಕ್ಕೆ 5 ಕೆ.ಜಿ. ಹಾಕಿದರೆ 80 ಗಿಡ. ಸಾರಜನಕ ಶೇ. 1ರ ಆಸುಪಾಸು, ಯೂರಿಯಾದಲ್ಲಿ ಶೇ. 46. ಹಾಗಾಗಿ ರಾಸಾಯನಿಕ ಗೊಬ್ಬರವೇ ಬೇಡ ಅಂತ ಯಾರಿಗೂ ಹೇಳಬೇಡಿ. ಆದರೆ ಮಳೆಗೆ ಸಾರ ಕಳೆದುಕೊಂಡ ನಮ್ಮ ಮಣ್ಣಿಗೆ ಇದು ಕೊಡುವ ಮೆತ್ತಗಿನ ಗುಣವನ್ನು ಯೂರಿಯಾ ಕೊಡಲ್ಲ.

ಮೊದಲು ದೊಡ್ಡ ಎಸ್ಟೇಟ್‌ಗೆ ಹೋಗಬೇಡಿ. ಹತ್ತಿರದ ಸಣ್ಣ ಬೆಳೆಗಾರರೊಬ್ಬರನ್ನು ಕರೆದು ರಾಶಿ ತೋರಿಸಿ, ಮೊದಲ ವರ್ಷ ದುಡ್ಡು ಕೇಳದೆ ಕೊಡಿ.